ಹೊನೊಲುಲುವಿನ ಪುಟ್ಟಿಗೆ

ಕುಂದಾಪುರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಅತ್ತಿದ್ದು ಊಟದ ವಿಷಯಕ್ಕೆ ಅಂತ ನಿಮ್ಮಪ್ಪನಿಗೆ ನಾನು ಹೇಳಿಲ್ಲ. ಹೇಳಿದರೆ ನನ್ನ ತಮ್ಮ ನಾಳೆಯೇ ಕುಚ್ಚಲಕ್ಕಿ ಮೂಟೆ ಪಾರ್ಸೆಲ್ ಮಾಡಲು ಹೊರಡುತ್ತಾನೆ. ಹವಾಯಿ ದ್ವೀಪದ ಅದೇ ಹೊನೊಲುಲುವಿನಲ್ಲಿ 19 ವರ್ಷ ಒಲೆ ಮುಂದೆ ನಿಂತವಳು ನಾನು. ಮೊದಲೆರಡು ವರ್ಷ ನಾನೂ ನಿನ್ನ ಹಾಗೇ. ಸಿಕ್ಕಿದ್ದಕ್ಕೆಲ್ಲ ಮೂಗು ಮುರಿಯುತ್ತಿದ್ದೆ. ಬುದ್ಧಿ ಬಂದದ್ದು ಪತ್ರೊಡೆಯಿಂದ.

ಒಂದು ಶನಿವಾರ ಚೈನಾಟೌನಿನ ಮಾರ್ಕೆಟ್ಟಿನಲ್ಲಿ ಕೆಸುವಿನ ಎಲೆಯ ಕಟ್ಟು ಕಂಡಿತು. ನಿಂತಲ್ಲೇ ಕಣ್ಣು ತುಂಬಿತು ನೋಡು. ತಂದವಳೇ ಅಕ್ಕಿ ನೆನೆಹಾಕಿ, ತೆಂಗಿನಕಾಯಿ ರುಬ್ಬಿದೆ. ಹುಣಸೆಹಣ್ಣು ಚೂರೇ ಇತ್ತು, ನಡೆಯುತ್ತೆ ಬಿಡು ಅಂದುಕೊಂಡೆ. ಅರ್ಧ ಗಂಟೆ ಬೇಯಿಸಿ, ಜಂಬದಿಂದ ಪಕ್ಕದ ಮನೆಗೂ ಒಂದು ಡಬ್ಬ ಕೊಟ್ಟೆ. ರಾತ್ರಿಯಿಡೀ ಗಂಟಲು ತುರಿಕೆ. ಆ ಮನೆಯಲ್ಲೂ ಅದೇ ಕಥೆ!

ಮರುದಿನ ಆ ಮನೆಯ ಆಂಟಿ ಬಂದರು. ಹವಾಯಿಯ ಮೂಲದವರು. (ಅಲ್ಲಿ ಹಿರಿಯ ಹೆಂಗಸರನ್ನೆಲ್ಲ ಆಂಟಿ ಅಂತಲೇ ಕರೆಯುವುದು. ನೀನೂ ಹಾಗೇ ಕರಿ, ಹೆಸರು ಹಿಡಿದು ಕೂಗಬೇಡ.) ಬೈಯಲಿಲ್ಲ. ನನ್ನ ಡಬ್ಬದಲ್ಲೇ ಲಾವ್‌ಲಾವ್ ತಂದಿದ್ದರು. ಹಂದಿಮಾಂಸಕ್ಕೂ ಉಪ್ಪುಮೀನಿಗೂ ಕೆಸುವಿನ ಎಲೆ ಸುತ್ತಿ, ಅದರ ಮೇಲೆ ಟೀ ಅನ್ನುವ ಬೇರೊಂದು ಗಿಡದ ಎಲೆ ಕಟ್ಟಿದ್ದು. ಚಹಾ ಗಿಡ ಅಲ್ಲ ಮತ್ತೆ. ಹೊರಗಿನ ಎಲೆ ಬಿಚ್ಚಿ ಎಸೆಯಬೇಕು. ಒಳಗಿನ ಕೆಸು ಬೆಣ್ಣೆಯ ಹಾಗೆ ಬೆಂದಿತ್ತು. "ನಾಲ್ಕು ಗಂಟೆ ಆವಿಯಲ್ಲಿ ಇಡು, ಅವಸರ ಮಾಡಬೇಡ" ಅಂದರು.

ಕೆಸುವಿನಲ್ಲಿ ಸೂಜಿಯಂಥ ಸಣ್ಣ ಸಣ್ಣ ಹರಳು ಇರುತ್ತವೆ, ಕ್ಯಾಲ್ಸಿಯಂ ಆಕ್ಸಲೇಟ್ ಅಂತ. ಗಂಟಲು ಚುಚ್ಚುವುದು ಅವೇ. ನಿನ್ನ ಅಜ್ಜಿ ಅದಕ್ಕೆ ಹುಳಿ ಸುರಿಯುತ್ತಿದ್ದಳು. ಅವರು ಗಂಟೆಗಟ್ಟಲೆ ಬೇಯಿಸುತ್ತಾರೆ. ಅಲ್ಲಿನ ಎಲೆಗೆ ಎರಡೂ ಬೇಕು.

ಆ ಜನಕ್ಕೆ ಕೆಸು ಬರೀ ತರಕಾರಿ ಅಲ್ಲ ಪುಟ್ಟಿ. ಅದಕ್ಕೆ ಕಲೋ ಅನ್ನುತ್ತಾರೆ, ಮನುಷ್ಯನಿಗೆ ಅದು ಅಣ್ಣ ಅಂತ ಅವರ ಪುರಾಣ. ಗೆಡ್ಡೆ ಬೇಯಿಸಿ, ಜಜ್ಜಿ, ನೀರು ಬೆರೆಸಿದ್ದು ಪೊಯ್. ಪೊಯ್ ಬಟ್ಟಲು ಮುಂದಿರುವಾಗ ಜಗಳ ಆಡಬಾರದು ಅಂತ ಆಂಟಿ ಹೇಳುತ್ತಿದ್ದರು. ಮೊದಲ ಸಲ ಅಂಟು ತಿಂದ ಹಾಗೆ ಆಗುತ್ತೆ. ಮುಖ ಸಿಂಡರಿಸಬೇಡ. ಉಪ್ಪುಮೀನಿನ ಜೊತೆ ತಿನ್ನು.

ಇನ್ನೊಂದು ಮಾತು. ಅಲ್ಲಿ ಸಿಗುವುದನ್ನೆಲ್ಲ ಹವಾಯಿಯನ್ ಊಟ ಅನ್ನಬೇಡ. ಅದು ಆ ನೆಲದ ಮೂಲದವರದ್ದು. ಉಳಿದ ಕಲಬೆರಕೆಗೆ ಲೋಕಲ್ ಅಂತ ಹೆಸರು. ಕಬ್ಬಿನ ತೋಟದ ಕೂಲಿಗೆ ಅಂತ 1852ರಲ್ಲಿ ಚೀನಾದವರು ಬಂದರು. ಪೋರ್ಚುಗೀಸರು, ಜಪಾನಿನವರು, ಕೊರಿಯಾದವರು, 1906ರಿಂದ ಫಿಲಿಪೀನ್ಸಿನವರು. ಮಧ್ಯಾಹ್ನ ಹೊಲದಲ್ಲಿ ಕೌಕೌ ಟಿನ್ ಬಿಚ್ಚುತ್ತಿದ್ದರಂತೆ. ನಮ್ಮ ಟಿಫಿನ್ ಕ್ಯಾರಿಯರೇ ಅದು, ಕೆಳಗೆ ಅನ್ನ, ಮೇಲೆ ನೆಂಚಿಕೆ. ಭಾಷೆ ಬರದಿದ್ದರೂ ನೆಂಚಿಕೆ ಕೈಬದಲಾಗುತ್ತಿತ್ತು. ಕೊನೆಯ ದೊಡ್ಡ ಕಬ್ಬಿನ ತೋಟ ಪಕ್ಕದ ಮಾವಿ ದ್ವೀಪದಲ್ಲಿತ್ತು, ಅದೂ 2016ರಲ್ಲಿ ಮುಚ್ಚಿತು. ನೀನು ಕ್ಯಾಂಪಸ್ಸಿನಲ್ಲಿ ತಿಂದು ಬೇಜಾರು ಮಾಡಿಕೊಂಡ ಪ್ಲೇಟ್ ಲಂಚ್ ಇದೆಯಲ್ಲ, ಎರಡು ಉಂಡೆ ಅನ್ನ, ಮ್ಯಾಕರೋನಿ ಸಲಾಡ್, ಒಂದು ಮಾಂಸ, ಅದು ಆ ಹೊಲದಿಂದ ಎದ್ದು ಬಂದ ಊಟ. ಮ್ಯಾಕರೋನಿ ನನಗೂ ಸೇರಲಿಲ್ಲ, ಬಿಡು.

ಹಾಗಾಗಿ ಫ್ರೋಜನ್ ಚಪಾತಿಗೆ ದುಡ್ಡು ಸುರಿಯುವುದನ್ನ ನಿಲ್ಲಿಸು. ಒಂದು ರೈಸ್ ಕುಕ್ಕರ್ ತಗೋ. ಅಲ್ಲಿನ ಅಕ್ಕಿ ಕ್ಯಾಲ್‌ರೋಸ್, ಅಂಟಂಟು. ಸಾರಿಗೆ ಆಗುವುದಿಲ್ಲ, ಗಂಜಿಗೆ ಎತ್ತಿದ ಕೈ. ಚೀನಾದವರು ಅದಕ್ಕೆ ಜೂಕ್ ಅನ್ನುತ್ತಾರೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಉಳಿದ ಟರ್ಕಿ ಕೋಳಿಯ ಮೂಳೆ ಹಾಕಿ ಎಷ್ಟೋ ಮನೆಗಳಲ್ಲಿ ಜೂಕ್ ಮಾಡುತ್ತಾರೆ. ನಾನು ಶುಂಠಿ ಜಜ್ಜಿ ಹಾಕಿ, ಮೇಲೆ ಮಿಡಿ ಉಪ್ಪಿನಕಾಯಿ ಇಡುತ್ತಿದ್ದೆ. ಆಂಟಿಯ ಮೊಮ್ಮಕ್ಕಳು ಉಪ್ಪಿನಕಾಯಿ ಮಾತ್ರ ತಿಂದು ಓಡುತ್ತಿದ್ದವು.

ಫಿಲಿಪಿನೋ ಅಂಗಡಿಯಲ್ಲಿ ಮರುಂಗಾಯ್ ಅಂತ ಕೇಳು, ನುಗ್ಗೆಸೊಪ್ಪು ಕೊಡುತ್ತಾರೆ. ಕೋಳಿ, ಶುಂಠಿ, ಪಪ್ಪಾಯಕಾಯಿ ಬೇಯಿಸಿ, ಕೊನೆಗೆ ಸೊಪ್ಪು ಉದುರಿಸಿ ಇಳಿಸಿಬಿಡು. ಮಸಾಲೆಯೇ ಬೇಡ. ಜ್ವರ ಬಂದಾಗ ನನಗೆ ಅದೇ ಬೇಕಿತ್ತು, ಅಮ್ಮನ ಸಾರಲ್ಲ. ನಿಮ್ಮಪ್ಪನಿಗೆ ಇದನ್ನೂ ಹೇಳಬೇಡ.

ಪಕ್ಕದ ಮನೆಯ ಡಬ್ಬ ಖಾಲಿ ವಾಪಸ್ ಕೊಡಬೇಡ. ಏನೂ ಇಲ್ಲದಿದ್ದರೆ ನಾಲ್ಕು ನಿಂಬೆಹಣ್ಣಾದರೂ ಹಾಕು.

ಈ ಭಾನುವಾರ ಪತ್ರೊಡೆ ಮಾಡು. ದೊಡ್ಡ ನಿಂಬೆ ಗಾತ್ರದ ಹುಣಸೆಹಣ್ಣು, ಒಂದು ತುಂಡು ಬೆಲ್ಲ, ಎಲೆಯ ಹಿಂದಿನ ದಪ್ಪ ನಾರು ಕೆತ್ತಿ ತೆಗಿ. ಮೊದಲು ನೀನೊಂದು ತುಂಡು ತಿಂದು ಅರ್ಧ ಗಂಟೆ ಕಾಯಿ, ಆಮೇಲೆ ಡಬ್ಬ ತುಂಬು. ಗಂಟಲು ತುರಿಸಿತೋ ಇಲ್ಲವೋ, ಫೋನ್ ಮಾಡಿದಾಗ ಮೊದಲು ಅದನ್ನ ಹೇಳು.

ನಿನ್ನ
ಸೋದರತ್ತೆ