ಸಂಶಯ ಇಟ್ಟುಕೊಂಡು ಕೈಮುಗಿಯಬಹುದಾ?

ಪ್ರೀತಿಯ ಮಗಳೇ,

ನಿನ್ನ ಕಾಗದ ತಲುಪಿತು. "ದೊಡ್ಡಪ್ಪಾ, ಪ್ರಾರ್ಥನೆಗೆ ಕೂತರೆ ಗೋಡೆ ಜೊತೆ ಮಾತಾಡಿದ ಹಾಗಾಗುತ್ತೆ. ದೇವರು ಇದ್ದಾನೋ ಇಲ್ವೋ ಗೊತ್ತಿಲ್ಲದೆ ಕೈಮುಗಿಯೋದು ಮೋಸ ಅಲ್ವಾ?" ಅಂತ ಕೇಳಿದ್ದೀಯ. ಅಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಅಂತ ಹೇಳಿಕೊಂಡು ತಿರುಗಿದರೆ ಅದು ಮೋಸ. ನೀನು ಗೊತ್ತಿಲ್ಲ ಅಂತಲೇ ಹೇಳುತ್ತಿದ್ದೀಯಲ್ಲ.

ದೇವರು ಇದ್ದಾನೆ ಅಂತ ಸಾಬೀತು ಮಾಡಲು ಹೊರಟವರು ಹಲವು ಧರ್ಮಗಳಲ್ಲಿ ಇದ್ದರು. ಇಲ್ಲ ಅಂತ ತೋರಿಸಲು ಹೊರಟವರೂ ಇದ್ದರು. ಎದುರಿನವರ ಬಾಯಿ ಮುಚ್ಚಿಸುವಂಥ ಪುರಾವೆ ಇವತ್ತಿಗೂ ಯಾರ ಕೈಯಲ್ಲೂ ಇಲ್ಲ. ಪೂರ್ತಿ ಖಾತ್ರಿ ಆದ ಮೇಲೇ ಭಕ್ತಿ ಅಂತ ಎಲ್ಲರೂ ಕಾದು ಕೂತಿದ್ದರೆ ಲೋಕದಲ್ಲಿ ಒಬ್ಬ ಭಕ್ತನೂ ಇರುತ್ತಿರಲಿಲ್ಲ.

ಋಗ್ವೇದದ 10ನೇ ಮಂಡಲದಲ್ಲಿ 129ನೇ ಸೂಕ್ತ ಅಂತ ಒಂದಿದೆ, ನಾಸದೀಯ ಸೂಕ್ತ ಅನ್ನುತ್ತಾರೆ. ಬಿಡುವಾದಾಗ ಅದರ ಅರ್ಥ ನೋಡು. ಈ ಸೃಷ್ಟಿ ಎಲ್ಲಿಂದ ಬಂತು, ಯಾರು ಬಲ್ಲರು ಅಂತ ಕೇಳುತ್ತದೆ. ದೇವತೆಗಳನ್ನು ಕೇಳೋಣ ಅಂದರೆ ಅವರೂ ಸೃಷ್ಟಿ ಆದ ಮೇಲೆ ಬಂದವರು ಅನ್ನುತ್ತದೆ. ಕೊನೆಗೆ, ಮೇಲಿಂದ ಇದನ್ನೆಲ್ಲ ನೋಡುತ್ತಿರುವವನಿಗೆ ಗೊತ್ತಿರಬೇಕು ಅಂತ ಹೇಳಿ, ಅಲ್ಲಿಗೂ ನಿಲ್ಲುವುದಿಲ್ಲ. "ಅಥವಾ ಅವನಿಗೂ ಗೊತ್ತಿಲ್ಲವೋ ಏನೋ" ಅಂತ ಮುಗಿಸಿಬಿಡುತ್ತದೆ! ನನಗೆ ಆಶ್ಚರ್ಯ ಆಗುವುದು ಆ ಮಾತು ಬರೀ ಹುಟ್ಟಿದ್ದಕ್ಕಲ್ಲ, ಉಳಿದದ್ದಕ್ಕೆ. ಸ್ವರ ತಪ್ಪಬಾರದು ಅಂತ ತಲೆತಲಾಂತರದಿಂದ ಬಾಯಿಪಾಠ ಮಾಡಿಸಿದವರು ಈ ಸಾಲನ್ನು ಹೊರಗೆ ಹಾಕಲಿಲ್ಲ. ದೇವರನ್ನು ಹೊಗಳುವ ಸೂಕ್ತಗಳ ಜೊತೆಗೇ ಕೂರಿಸಿಕೊಂಡರು.

ಬೈಬಲ್ಲಿನ ಯೋಬನ ಕಥೆ ನನಗೆ ಇನ್ನೂ ಇಷ್ಟ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಹೋಗಿರುತ್ತದೆ. ಯಾಕೆ ಹೀಗೆ ಮಾಡಿದೆ ಅಂತ ಅವನು ದೇವರನ್ನೇ ಹಿಡಿದು ಕೇಳುತ್ತಾನೆ. ಗೆಳೆಯರು ಬಂದು ದೇವರ ಪರ ವಕಾಲತ್ತು ಮಾಡುತ್ತಾರೆ. ನೀನೇ ಏನೋ ಪಾಪ ಮಾಡಿರಬೇಕು, ಸುಮ್ನೆ ಒಪ್ಪಿಕೋ ಅನ್ನುತ್ತಾರೆ. ಕೊನೆಯಲ್ಲಿ ದೇವರಿಗೆ ಸಿಟ್ಟು ಬಂದದ್ದು ಯಾರ ಮೇಲೆ ಗೊತ್ತಾ? ತನ್ನ ಪರ ಮಾತಾಡಿದ ಗೆಳೆಯರ ಮೇಲೆ. ಯೋಬನ ಹಾಗೆ ನೀವು ಸರಿಯಾಗಿ ಮಾತಾಡಲಿಲ್ಲ ಅಂತ ಬೈಯುತ್ತಾನೆ. ಯೋಬ ಜಗಳ ಆಡಿದ, ನಿಜ. ಆದರೆ ಬೆನ್ನು ತಿರುಗಿಸಿ ಹೋಗಲಿಲ್ಲ.

ಇದೆಲ್ಲ ಹಳೇ ಕಥೆ ಅನ್ನಬೇಡ. ಮದರ್ ತೆರೇಸಾ ತಮ್ಮ ಗುರುಗಳಿಗೆ ಬರೆದ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದವು, ಅವರು ತೀರಿಕೊಂಡು 10 ವರ್ಷ ಆದ ಮೇಲೆ. ಸುಟ್ಟುಬಿಡಿ ಅಂತ ಅವರು ಕೇಳಿಕೊಂಡಿದ್ದ ಪತ್ರಗಳು ಅವು. ಒಳಗೆಲ್ಲ ಖಾಲಿ, ಕತ್ತಲು, ದೇವರು ಇದ್ದಾನೆ ಅಂತಲೇ ಅನ್ನಿಸುತ್ತಿಲ್ಲ ಅಂತ ಬರೆದಿದ್ದಾರೆ. ಒಂದೆರಡು ತಿಂಗಳ ಮಾತಲ್ಲ ಅದು, ಹತ್ತಾರು ವರ್ಷ ಹೀಗೇ ನಡೆಯಿತು. ಅಷ್ಟೂ ಕಾಲ ಬೆಳಗ್ಗೆ ಎದ್ದು ಪ್ರಾರ್ಥನೆ ಮಾಡಿ ರೋಗಿಗಳ ಹತ್ತಿರ ಹೋಗುತ್ತಿದ್ದರು. ಅವರ ಚರ್ಚಿನವರು ಇದನ್ನೆಲ್ಲ ಓದಿಯೇ 2016ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಅವರ ಕೆಲಸದ ಬಗ್ಗೆ ತಕರಾರು ಇರುವವರೂ ಇದ್ದಾರೆ, ಆ ಮಾತು ಬೇರೆ.

ಹಾಗಂತ ಸಂಶಯಪಡುವುದೇ ದೊಡ್ಡಸ್ತಿಕೆ ಅಂತ ತಿಳಿಯಬೇಡ. ಈಗ ಅಂಥವರೂ ಜಾಸ್ತಿ. ಓದುವುದಿಲ್ಲ, ಯೋಚಿಸುವುದಿಲ್ಲ, "ನನಗೆ ಡೌಟು" ಅಂದುಬಿಟ್ಟರೆ ಕೆಲಸ ಮುಗಿಯಿತು. ನಿನ್ನದು ಆ ಥರದ್ದಲ್ಲ ಅಂತ ನನಗೆ ಗೊತ್ತು. ಆದರೂ ಒಂದು ನೋಡಿಕೋ: ನಿನ್ನ ಸಂಶಯ ಎಲ್ಲಿಂದ ಬಂತು? ಓದಿನಿಂದ ಬಂದದ್ದಾದರೆ ಇನ್ನಷ್ಟು ಓದು, ಎರಡೂ ಕಡೆಯವರನ್ನು ಓದು. ನೋವಿನಿಂದ ಬಂದದ್ದಾದರೆ ವಾದ ಮಾಡಿ ಪ್ರಯೋಜನ ಇಲ್ಲ. ಆಗ ಬೇಕಾಗುವುದು ಪಕ್ಕದಲ್ಲಿ ಕೂರುವ ಮನುಷ್ಯರು. ಸಿಟ್ಟು ಬಂದರೆ ಆ ಸಿಟ್ಟನ್ನೂ ಪ್ರಾರ್ಥನೆಯಲ್ಲೇ ಹೇಳು.

ದೇವರು ಇದ್ದರೆ ಲಾಭ, ಇಲ್ಲದಿದ್ದರೂ ನಷ್ಟ ಇಲ್ಲ, ಅದಕ್ಕೇ ನಂಬಿಬಿಡು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಫ್ರಾನ್ಸಿನ ಪಾಸ್ಕಲ್ 17ನೇ ಶತಮಾನದಲ್ಲೇ ಹೆಚ್ಚುಕಡಿಮೆ ಈ ವಾದ ಹೂಡಿದ್ದ. ಗಣಿತದಲ್ಲಿ ಅವನು ಮೇಧಾವಿ, ಇಲ್ಲ ಅನ್ನುವುದಿಲ್ಲ. ಆದರೆ ಲೆಕ್ಕ ಹಾಕಿ ಹುಟ್ಟಿಸಿದ ಭಕ್ತಿ ನನಗೆ ಬೇಡ.

ಹಾಗಾದರೆ ಈಗ ಏನು ಮಾಡಲಿ ಅನ್ನುತ್ತೀಯ. ಪ್ರಾರ್ಥನೆ ಬಿಡಬೇಡ, ಅದರಲ್ಲಿ ಸುಳ್ಳು ಮಾತ್ರ ಬೇಡ. ಬಾಯಿಗೆ ಬರದ ಹೊಗಳಿಕೆ ಬಿಟ್ಟುಬಿಡು. "ನೀನು ಇದ್ದರೆ ಕೇಳಿಸಿಕೋ" ಅಂತ ಶುರು ಮಾಡಿದರೂ ನಡೆಯುತ್ತೆ. ಮಾರ್ಕನ ಸುವಾರ್ತೆಯಲ್ಲಿ ಕಾಯಿಲೆ ಮಗನನ್ನು ಕರೆದುಕೊಂಡು ಬಂದ ಒಬ್ಬ ಅಪ್ಪ, "ನಂಬುತ್ತೇನೆ, ನನ್ನ ಅಪನಂಬಿಕೆಗೂ ಸಹಾಯ ಮಾಡು" ಅಂತ ಒಂದೇ ಉಸಿರಿನಲ್ಲಿ ಕೇಳುತ್ತಾನೆ. ಮೊದಲು ಸಂಶಯ ಬಿಟ್ಟು ಬಾ ಅಂತ ಯೇಸು ಅವನನ್ನು ವಾಪಸ್ ಕಳಿಸಲಿಲ್ಲ, ಹುಡುಗನನ್ನು ಗುಣ ಮಾಡಿದ.

ನಿನ್ನ ತಮ್ಮ "ದೇವರು ನಿಜವಾಗಲೂ ಇದ್ದಾನಾ ಅಕ್ಕಾ?" ಅಂತ ಕೇಳುತ್ತಾನೆ ಅಂತಲೂ ಬರೆದಿದ್ದೀಯ. ನನಗೂ ಗೊತ್ತಿಲ್ಲ, ಆದರೂ ಪ್ರಾರ್ಥನೆ ಮಾಡ್ತೀನಿ ಅಂತ ಇದ್ದದ್ದು ಇದ್ದ ಹಾಗೆ ಹೇಳು. ಯಾಕೆ ಅಂತ ಕೇಳಿಯೇ ಕೇಳುತ್ತಾನೆ. ಏನು ಹೇಳಿದೆ ಅಂತ ನನಗೂ ಬರೆದು ತಿಳಿಸು.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ