ಮನೆಗೆ ಬಂದ ಲೇಥ್, ಕಾರ್ಖಾನೆಯಲ್ಲೇ ಉಳಿದ ಸ್ಟಾರ್ಟರ್

ಮಾನ್ಯ ಸಂಪಾದಕರೇ,

ಉದ್ಯಮಬಾಗ ಕೈಗಾರಿಕಾ ಪ್ರದೇಶದ ಯಂತ್ರಶಾಲೆಗಳಿಗೆ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳು ಬಂದ ಮೇಲೆ ಅಲ್ಲಿಂದ ಹೊರಬಿದ್ದ, ಲೋಹವನ್ನು ತಿರುಗಿಸಿ ಕಡೆಯುವ ಹಳೆಯ ಲೇಥ್‌ಗಳಲ್ಲಿ ಕೆಲವು ಗುಜರಿಗೆ ಹೋಗದೆ ಬೆಳಗಾವಿಯ ಅನಗೋಳ, ಟಿಳಕವಾಡಿ, ವಡಗಾವಿ ಕಡೆಯ ಮನೆಗಳ ಹಿತ್ತಲ ಶೆಡ್ಡುಗಳನ್ನು ಸೇರಿವೆ. ನಿವೃತ್ತ ಕಾರ್ಮಿಕರು, ಎಂಜಿನಿಯರಿಂಗ್ ಓದುವ ಹುಡುಗರು, ದಿನವಿಡೀ ಕಚೇರಿಯ ಕುರ್ಚಿಯಲ್ಲಿ ಕುಳಿತರೂ ಸಂಜೆ ಕೈಗೆ ಎಣ್ಣೆ ಹತ್ತದಿದ್ದರೆ ಸಮಾಧಾನವಾಗದ ಕೆಲವರು, ಅವುಗಳ ಮೇಲೆ ಅಂಗೈಯಗಲದ ಉಗಿ ಎಂಜಿನ್ನುಗಳನ್ನೂ ಸಣ್ಣ ವೈಸುಗಳನ್ನೂ ಕಡೆದು ತೆಗೆಯುತ್ತಾರೆ. ಟರ್ನರ್ (ಲೇಥ್ ಕೆಲಸಗಾರ) ಆಗಿ ದುಡಿದು ನಿವೃತ್ತನಾದ ನಾನೂ ಅವರಲ್ಲೊಬ್ಬ. ಈ ಹವ್ಯಾಸದವರು ಒಬ್ಬರಿಗೊಬ್ಬರು ಹೇಳಿಕೊಡುವ ಮಾತುಗಳಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗುತ್ತಿದೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ತಿಳಿಸಬಯಸುತ್ತೇನೆ.

ನನ್ನಲ್ಲಿಗೆ ಬರುವವರ ಪ್ರಶ್ನೆಗಳು ಬಹುಮಟ್ಟಿಗೆ ಅಳತೆಯವು, ಇಲ್ಲವೇ ನುಣುಪಿನವು. 25 ಮಿ.ಮೀ. ದಪ್ಪದ ಎಂ.ಎಸ್. (ಮೆದು ಉಕ್ಕು) ಸಲಾಕೆಗೆ ಎಷ್ಟು ಸ್ಪೀಡ್ ಇಡಬೇಕು ಎಂದು ಕೇಳುತ್ತಾರೆ. ಎಚ್‌ಎಸ್‌ಎಸ್ (ಹೈ-ಸ್ಪೀಡ್ ಸ್ಟೀಲ್) ಟೂಲ್ ಆದರೆ ನಿಮಿಷಕ್ಕೆ 25 ಮೀಟರ್ ಲೆಕ್ಕ ಹಿಡಿದು ಸುಮಾರು 320 ಸುತ್ತು ಎನ್ನುತ್ತೇನೆ. 6 ಮಿ.ಮೀ.ನ ಸಾಮಾನ್ಯ ಟ್ಯಾಪಿಗೆ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) 5 ಮಿ.ಮೀ. ತೂತು ಸಾಕು, ಬೀಡು ಕಬ್ಬಿಣಕ್ಕೆ ಕೂಲಂಟ್ ಬೇಕಿಲ್ಲ, ಎರಕದ ಮೇಲಿನ ಗಟ್ಟಿ ಸಿಪ್ಪೆಯ ಕೆಳಕ್ಕೆ ಮೊದಲ ಕಟ್ಟಿನಲ್ಲೇ ಇಳಿಯಬೇಕು, ಇಲ್ಲದಿದ್ದರೆ ಟೂಲಿನ ಮೂತಿ ಸವೆದುಹೋಗುತ್ತದೆ ಎಂದು ಸಂತೋಷದಿಂದಲೇ ಹೇಳಿಕೊಡುತ್ತೇನೆ. ಆದರೆ ಕರೆಂಟ್ ಹೋಗಿ ಬಂದಾಗ ತಮ್ಮ ಲೇಥ್ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಈವರೆಗೆ ಒಬ್ಬರೂ ಕೇಳಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ನನ್ನ ಲೇಥ್ ಮೂರು ಫೇಸ್ ಮೋಟಾರಿನದಾಗಿತ್ತು. ಮನೆಯಲ್ಲಿರುವುದು ಒಂದೇ ಫೇಸ್ ಆದ್ದರಿಂದ ಒಂದು ಎಚ್.ಪಿ.ಯ ಬೇರೆ ಮೋಟಾರು ಕೂರಿಸಿದೆ. ಯಂತ್ರದ ಜೊತೆ ಬಂದಿದ್ದ ಹಸಿರು-ಕೆಂಪು ಗುಂಡಿಗಳ ಸ್ಟಾರ್ಟರಿಗೆ (ಮೋಟಾರನ್ನು ಚಾಲೂ, ಬಂದ್ ಮಾಡುವ ಪೆಟ್ಟಿಗೆ) ವೈರು ಜೋಡಿಸಿ ಗುಂಡಿ ಒತ್ತಿದಾಗ ಅದು ಗುಂಯ್‌ಗುಟ್ಟಿತೇ ಹೊರತು ಹಿಡಿದುಕೊಳ್ಳಲಿಲ್ಲ. ವೈರಿಂಗ್ ಮಾಡಲು ಬಂದಾತ ‘ಸ್ಟಾರ್ಟರ್ ಕೆಟ್ಟದ ರೀ, ಇದ್ರ ಗೊಡವಿ ಬ್ಯಾಡ’ ಎಂದು ಅದನ್ನು ಬಿಚ್ಚಿಟ್ಟು, ಗೋಡೆಗೊಂದು ಸಾಮಾನ್ಯ ಸ್ವಿಚ್ ಹಾಕಿಕೊಟ್ಟ. ಯಂತ್ರ ತಿರುಗಿತು. ನನಗೂ ಅಷ್ಟೇ ಬೇಕಾಗಿತ್ತು.

ಮೃಗಶಿರಾ ಮಳೆ ಹಿಡಿದ ಒಂದು ಸಂಜೆ ಹಿತ್ತಾಳೆಯ ಗಾಲಿಯೊಂದನ್ನು ಕಡೆಯುತ್ತಿದ್ದಾಗ ಕರೆಂಟ್ ಹೋಯಿತು. ಕತ್ತಲಲ್ಲಿ ಸುಮ್ಮನೆ ಕೂರುವ ಬದಲು ಟಾರ್ಚ್ ಹಚ್ಚಿ, ಗಾಲಿಯನ್ನು ತಿರುವಿ ಕಟ್ಟೋಣವೆಂದು ಚಕ್ಕಿಗೆ (ಕೆಲಸದ ವಸ್ತುವನ್ನು ದವಡೆಗಳಿಂದ ಹಿಡಿದು ತಿರುಗುವ ಭಾಗ) ಕೀಲಿ ಹಾಕಿ ದವಡೆ ಸಡಿಲಿಸಿದೆ. ಗೋಡೆಯ ಸ್ವಿಚ್ ಹಾಕಿದ ಸ್ಥಿತಿಯಲ್ಲೇ ಇತ್ತು. ಒರೆಸುವ ಬಟ್ಟೆಗೆಂದು ಎರಡು ಹೆಜ್ಜೆ ಆಚೆ ಹೋದಾಗ ಕರೆಂಟ್ ಬಂತು. ಕೀಲಿ ಚಕ್ಕಿನಿಂದ ಹಾರಿ ತಗಡಿನ ಗೋಡೆಗೆ ಬಡಿಯಿತು, ಗಾಲಿ ಲೇಥಿನ ಉದ್ದನೆಯ ತಳಭಾಗವಾದ ಬೆಡ್ ಮೇಲೆ ಬಿದ್ದು ಕುಣಿಯಿತು. ತಗಡಿನಲ್ಲಿ ಆ ತಗ್ಗು ಈಗಲೂ ಇದೆ. ನೆಲದಿಂದ ಅಳೆದು ನೋಡಿದರೆ ಅದು ಸರಿಯಾಗಿ ನನ್ನ ಎದೆಯ ಎತ್ತರಕ್ಕಿದೆ.

ಮರುದಿನ ಆ ‘ಕೆಟ್ಟ’ ಸ್ಟಾರ್ಟರನ್ನು ಬಿಚ್ಚಿ ನೋಡಿದಾಗ ಅದಕ್ಕೇನೂ ಆಗಿರಲಿಲ್ಲ. ಕಾಂಟ್ಯಾಕ್ಟುಗಳನ್ನು ಎಳೆದು ಕೂಡಿಸುವ ಅದರ ಕಾಯಿಲ್ ಮೇಲೆ 415 ವೋಲ್ಟ್ ಎಂದು ಬರೆದಿತ್ತು. ಮನೆಯ 230 ವೋಲ್ಟಿಗೆ ಅಂಥ ಕಾಯಿಲ್ ಗುಂಯ್‌ಗುಡುವುದೇ ಸರಿ. ಪೂರ್ತಿ ಎಳೆದುಕೊಳ್ಳುವ ಬಲ ಅದಕ್ಕೆ ಬರುವುದಿಲ್ಲ. ಅದೇ ಸ್ಟಾರ್ಟರಿಗೆ ಹೊಂದುವ 230 ವೋಲ್ಟಿನ ಕಾಯಿಲ್ ತಂದು ಹಾಕಿದ ಮೇಲೆ ಗುಂಡಿ ಒತ್ತಿದ ಕೂಡಲೇ ಹಿಡಿಯಿತು. ಇದಾದ ಮೇಲೆ ಪರಿಚಿತರ ಶೆಡ್ಡುಗಳಿಗೆ ಹೋದಾಗಲೆಲ್ಲ ಮೊದಲು ಗೋಡೆಯ ಕಡೆ ನೋಡುವುದು ನನಗೆ ಅಭ್ಯಾಸವಾಗಿದೆ. ಅಲ್ಲಿಯೂ ಬರಿಯ ಸ್ವಿಚ್ ಇದ್ದು, ಸ್ಟಾರ್ಟರ್ ಮೂಲೆಯಲ್ಲಿ ಬಿದ್ದಿರುವುದನ್ನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

ಸ್ಟಾರ್ಟರ್ ಎಂದರೆ ಮೋಟಾರು ಸುಡದಂತೆ ಕಾಯುವ ಪೆಟ್ಟಿಗೆ ಎಂದಷ್ಟೇ ಹಲವರು ತಿಳಿದಿದ್ದಾರೆ. ಅದರ ಇನ್ನೊಂದು ಕೆಲಸ ನಮ್ಮನ್ನು ಕಾಯುವುದು. ಹಸಿರು ಗುಂಡಿ ಒತ್ತಿದಾಗ ಕಾಯಿಲ್‌ಗೆ ಕರೆಂಟ್ ಹರಿದು ಕಾಂಟ್ಯಾಕ್ಟುಗಳು ಕೂಡುತ್ತವೆ, ಬೆರಳು ತೆಗೆದ ಮೇಲೂ ಒಂದು ಸಣ್ಣ ಕಾಂಟ್ಯಾಕ್ಟಿನ ಮೂಲಕ ಕಾಯಿಲ್ ತನ್ನನ್ನು ತಾನೇ ಹಿಡಿದುಕೊಂಡಿರುತ್ತದೆ. ಕರೆಂಟ್ ಹೋದಾಗ ಆ ಹಿಡಿತ ಬಿಟ್ಟು, ಕರೆಂಟ್ ಮರಳಿ ಬಂದರೂ ಮತ್ತೆ ಯಾರಾದರೂ ಹಸಿರು ಗುಂಡಿ ಒತ್ತುವವರೆಗೆ ಯಂತ್ರ ಅಲುಗಾಡುವುದಿಲ್ಲ. ಮೂರು ಫೇಸಿನ ಸ್ಟಾರ್ಟರನ್ನು ಒಂದು ಫೇಸಿನ ಮೋಟಾರಿಗೆ ಬಳಸುವವರು ಕಾಯಿಲ್ ಬದಲಿಸುವುದರ ಜೊತೆಗೆ ಓವರ್‌ಲೋಡ್ ರಿಲೇಯ (ಹೊರೆ ಹೆಚ್ಚಾದಾಗ ಮೋಟಾರನ್ನು ನಿಲ್ಲಿಸುವ ಭಾಗ) ಮೂರೂ ದಾರಿಗಳಲ್ಲಿ ಮೋಟಾರಿನ ಕರೆಂಟ್ ಒಂದರ ನಂತರ ಒಂದರಲ್ಲಿ ಹಾಯುವಂತೆ ವೈರು ಸುತ್ತಿಸಿ, ರಿಲೇಯ ಮುಳ್ಳನ್ನು ಮೋಟಾರಿನ ಫಲಕದಲ್ಲಿ ಬರೆದಿರುವ ಆಂಪಿಯರಿಗೆ ಇರಿಸಬೇಕು. ಹಾಗೆ ಮಾಡದಿದ್ದರೆ ರಿಲೇ ಕಾರಣವಿಲ್ಲದೆ ಬೀಳುತ್ತದೆ, ಬೇಸತ್ತ ಮಾಲೀಕರು ಮತ್ತೆ ಅದನ್ನು ಕಿತ್ತು ಬಿಸಾಡುತ್ತಾರೆ. ಇದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡುವ ಕೆಲಸ. ಅರ್ಥಿಂಗ್ ಸರಿಯಿದೆಯೇ ಎಂದು ಆತನಿಂದಲೇ ನೋಡಿಸಿಕೊಂಡು, ಶೆಡ್ಡಿನ ಲೈನಿಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಬೇಕು. ನಮ್ಮೂರಿನ ಮಳೆಗಾಲದಲ್ಲಿ ತಗಡಿನ ಶೆಡ್ಡಿನ ಗೋಡೆ ಎಷ್ಟು ಬೆವರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದೇ.

ಕೆಲವರು ಹಳೆಯ ಮೂರು ಫೇಸ್ ಮೋಟಾರನ್ನೇ ಉಳಿಸಿಕೊಂಡು, ಅದನ್ನು ಒಂದು ಫೇಸಿನ ಮೇಲೆ ಓಡಿಸುವ ಸಾಧನವಾದ ವಿಎಫ್‌ಡಿ ಹಾಕಿಸುತ್ತಾರೆ. ಒಳ್ಳೆಯದೇ. ಆದರೆ ಅದರ ಸೆಟ್ಟಿಂಗುಗಳಲ್ಲಿ, ಕರೆಂಟ್ ಬಂದ ಕೂಡಲೇ ತಾನಾಗಿ ಚಾಲೂ ಆಗುವ ಆಯ್ಕೆ ಇದ್ದರೆ ಅದನ್ನು ಮುಚ್ಚಿಸಬೇಕು. ಲೇಥನ್ನು ಮನೆಯ ಇನ್ವರ್ಟರ್ ಲೈನಿಗಂತೂ ಜೋಡಿಸಲೇಬಾರದು.

ನಿಮ್ಮ ಲೇಥ್ ಹೇಗಿದೆ ಎಂದು ತಿಳಿಯುವುದು ಎರಡು ನಿಮಿಷದ ಕೆಲಸ. ಚಕ್ಕಿನಲ್ಲಿ ಏನೂ ಕಟ್ಟದೆ, ಕೀಲಿ ತೆಗೆದಿಟ್ಟು, ಕಡಿಮೆ ಸ್ಪೀಡಿನಲ್ಲಿ ಲೇಥ್ ಓಡಿಸಿ, ಶೆಡ್ಡಿನ ಮೇನ್ ಸ್ವಿಚ್ ಆರಿಸಿರಿ. ಚಕ್ ನಿಂತ ಮೇಲೆ ದೂರದಲ್ಲಿಯೇ ಇದ್ದು ಮೇನ್ ಮತ್ತೆ ಹಾಕಿರಿ. ಚಕ್ ತಾನಾಗಿ ತಿರುಗಿದರೆ ಅದನ್ನು ಸರಿಪಡಿಸುವವರೆಗೆ ಆ ಲೇಥ್ ಮೇಲೆ ಕೆಲಸ ಮಾಡಬೇಡಿರಿ.

ಕೀಲಿಯ ಬಗ್ಗೆಯೂ ಒಂದು ಮಾತು. ಕೀಲಿ ಚಕ್ಕಿನಲ್ಲಿರುವಾಗ ಕೈ ಅದನ್ನು ಬಿಡಬಾರದು ಎಂದು ನಮ್ಮ ಮಿಸ್ತ್ರಿ ಕಲಿಸಿದ್ದರು, ತಪ್ಪಿದವರ ಬೆನ್ನಿಗೆ ಗುದ್ದೂ ಬೀಳುತ್ತಿತ್ತು. ಮನೆಯಲ್ಲಿ ಗುದ್ದುವವರಿಲ್ಲ. ಆದ್ದರಿಂದ ಕೀಲಿಯ ಚೌಕದ ತುದಿಯ ಸುತ್ತ ಒಂದು ಗಟ್ಟಿ ಸ್ಪ್ರಿಂಗ್ ಕೂರಿಸಿಕೊಳ್ಳಬೇಕು. ಕೈ ಬಿಟ್ಟ ಕೂಡಲೇ ಕೀಲಿ ತಾನೇ ಹೊರಗೆ ಜಿಗಿಯುತ್ತದೆ. ಕೈಗವಸು, ಉದ್ದ ತೋಳಿನ ಅಂಗಿ, ಉಂಗುರ ಇವು ತಿರುಗುವ ಚಕ್ಕಿನ ಹತ್ತಿರ ಬೇಡವೆಂಬುದು ಗೊತ್ತಿದ್ದವರೂ ಖಂಡೇನವಮಿಯ ಮಾರನೆಯ ದಿನ ಚೆಂಡುಹೂವಿನ ಮಾಲೆಯನ್ನು ಚಕ್ಕಿನ ಮೇಲೆಯೇ ಬಿಟ್ಟು ಗುಂಡಿ ಒತ್ತಿದ್ದನ್ನು ನಾನು ನೋಡಿದ್ದೇನೆ. ದಾರ ಹೂವಿನಷ್ಟು ಮೆತ್ತಗಿರುವುದಿಲ್ಲ.

ಉಗಿ ಎಂಜಿನ್ ಮಾಡುವವರ ಬಾಯ್ಲರಿನದೂ ಇದೇ ಕಥೆ. ಕಾರ್ಖಾನೆಯ ಬಾಯ್ಲರನ್ನು ನೋಡಲು ಇನ್‌ಸ್ಪೆಕ್ಟರ್ ಬರುತ್ತಾರೆ. 25 ಲೀಟರಿಗಿಂತ ಕಡಿಮೆ ಹಿಡಿಯುವ ಪಾತ್ರೆ ಬಾಯ್ಲರ್ ಕಾನೂನಿನ ವ್ಯಾಖ್ಯೆಯಿಂದ ಹೊರಗಿರುವುದರಿಂದ ನಮ್ಮ ಚಿಕ್ಕ ಬಾಯ್ಲರನ್ನು ನಾವೇ ಪರೀಕ್ಷಿಸಿಕೊಳ್ಳಬೇಕು. ತಾಮ್ರದ ಹಾಳೆಗಳನ್ನು ಬೆಳ್ಳಿ ಬೆಸುಗೆಯಿಂದಲೇ ಕೂಡಿಸಬೇಕು, ರೇಡಿಯೋ ರಿಪೇರಿಯ ಬೆಸುಗೆ 183 ಡಿಗ್ರಿಯ ಹೊತ್ತಿಗೇ ಕರಗತೊಡಗುತ್ತದೆ. ಒಳಗೆ ಗಾಳಿ ಉಳಿಯದಂತೆ ನೀರು ತುಂಬಿ, ಕೈಪಂಪಿನಿಂದ ಕೆಲಸದ ಒತ್ತಡದ ಎರಡರಷ್ಟಕ್ಕೆ ಏರಿಸಿ, ಒತ್ತಡಮಾಪಕದ ಮುಳ್ಳು ಇಳಿಯದೆ ನಿಲ್ಲುತ್ತದೆಯೇ ಎಂದು ನೋಡಬೇಕು. ನೀರು ಹೆಚ್ಚು ಕುಗ್ಗದ ವಸ್ತುವಾದ್ದರಿಂದ ಜೋಡಣೆ ಬಿಟ್ಟರೆ ಸೋರಿ ಒತ್ತಡ ಬಿದ್ದುಹೋಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ತುಂಬಿಸಿ ಪರೀಕ್ಷಿಸಿದೆ ಎಂದು ಹೆಮ್ಮೆಯಿಂದ ಹೇಳಿದ ಹುಡುಗನೊಬ್ಬನನ್ನು ನಾನು ಗದರಿಸಬೇಕಾಯಿತು. ಗಾಳಿ ಕುಗ್ಗಿ ಕೂತಿರುತ್ತದೆ, ಬಾಯ್ಲರ್ ಒಡೆದರೆ ಚೂರುಗಳನ್ನು ಹೊತ್ತುಕೊಂಡೇ ಹೊರಬರುತ್ತದೆ.

ಹಳೆಯ ಯಂತ್ರ ಮಾರುವವರಲ್ಲಿ ನನ್ನದೊಂದು ಕೋರಿಕೆಯಿದೆ. ಸ್ಟಾರ್ಟರನ್ನು ಬಿಚ್ಚಿ ಬೇರೆಯಾಗಿ ಮಾರದೆ ಲೇಥ್ ಜೊತೆಯಲ್ಲೇ ಕೊಡಿರಿ, ಅದರ ಕಾಯಿಲ್ ಎಷ್ಟು ವೋಲ್ಟಿನದು ಎಂಬುದನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದುಕೊಡಿರಿ. ಕೊಳ್ಳುವವರು ಬೆಡ್ಡಿನ ಸವೆತವನ್ನು ಬೆರಳಿನಿಂದ ಸವರಿ ನೋಡುವ ಮೊದಲು ಆ ಮುಚ್ಚಳ ತೆರೆದು ನೋಡಲಿ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಟರ್ನರ್
ಅನಗೋಳ, ಬೆಳಗಾವಿ