ಟ್ರೇಯಲ್ಲಿ ಉಳಿದ ಸ್ಪ್ರಿಂಗು

ಮೈಸೂರು, ಭಾನುವಾರ

ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಕಾರಿನ ಇಂಜಿನ್ ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ಟ್ರೇಯಲ್ಲಿ ಉಳಿದದ್ದರ ಫೋಟೋವನ್ನು ನೀನು ಆಕ್ಲೆಂಡಿನಿಂದ ಕಳುಹಿಸಿದ್ದೀಯಲ್ಲ, ಅದನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ನೋಡಿದೆ. ಎರಡು ಸಲವೂ ಅದು ಸ್ಪ್ರಿಂಗೇ. ಫೋನಿನಲ್ಲಿ ಹೇಳಿದರೆ ನೀನು ವಾದಕ್ಕೆ ಇಳಿಯುತ್ತೀಯೆ, ನಾನು ಸೋಲುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

"ಹಳೆಯದಿರಬಹುದಲ್ಲವೇ ಅಪ್ಪ?" ಎಂದು ಕೇಳಿದ್ದೀಯೆ. ಬಿಚ್ಚುವಾಗ ಹಳೆಯದನ್ನೆಲ್ಲ ಪೊಟ್ಟಣ ಕಟ್ಟಿಟ್ಟಿದ್ದೀಯಲ್ಲ, ಅದನ್ನು ಎಣಿಸು. ನಿನ್ನ ಮಜ್ದಾದ 13ಬಿ ರೋಟರಿ ಇಂಜಿನಿನಲ್ಲಿ ಪಿಸ್ಟನ್ನಿನ ಬದಲು ತಿರುಗುವ ಮೂರು ಮೂಲೆಯ ರೋಟರುಗಳು ಎರಡು, ಪ್ರತಿ ಮೂಲೆಗೆ ಎರಡು ಮಗ್ಗುಲು. ಅಂದರೆ ಗ್ಯಾಸ್ ಸೋರದಂತೆ ತಡೆಯುವ 12 ಕಾರ್ನರ್ ಸೀಲ್, ಅವುಗಳ ಕೆಳಗೆ 12 ಸ್ಪ್ರಿಂಗ್. ಪೊಟ್ಟಣದಲ್ಲಿ 12 ಸಿಕ್ಕರೆ ಟ್ರೇಯಲ್ಲಿ ಹೊಳೆಯುತ್ತಿರುವುದು ಹೊಸದು. ಹೊಸದಕ್ಕೆ ಇರಬೇಕಾದ ಜಾಗ ಟ್ರೇ ಅಲ್ಲ.

ನಾನೂ ಹೀಗೆಯೇ ನನಗೆ ನಾನೇ ಸಮಾಧಾನ ಹೇಳಿಕೊಂಡವನು. ನೀನು ಹುಟ್ಟುವ ಮುಂಚಿನ ಮಾತು. ನಂಜನಗೂಡಿನ ಮೇಷ್ಟ್ರೊಬ್ಬರ ಯೆಜ್ಡಿ ಬೈಕ್ ರಿಪೇರಿಗೆ ಬಂದಿತ್ತು, ನಮ್ಮ ಯಾದವಗಿರಿಯ ಕಾರ್ಖಾನೆಯಲ್ಲೇ ತಯಾರಾದದ್ದು. ಪಿಸ್ಟನ್ ಬದಲಿಸಿ, ಹೆಡ್ ಬಿಗಿದು, ಕೈ ತೊಳೆಯಲು ಹೋದಾಗ ಸೀಮೆಎಣ್ಣೆ ತಟ್ಟೆಯಲ್ಲಿ ಪಿಸ್ಟನ್ ಪಿನ್ ಜಾರದಂತೆ ತಡೆಯುವ ಸರ್ಕ್ಲಿಪ್ ಒಂದು ಕಂಡಿತು. ಹಳೆಯದಿರಬೇಕು ಎಂದುಕೊಂಡೆ. ಸಂಜೆಯಾಗಿತ್ತು, ಮೇಷ್ಟ್ರು ಬೆಂಚಿನ ಮೇಲೆ ಕಾಯುತ್ತಿದ್ದರು, ಕಿಕ್ ಹೊಡೆದರೆ ಗಾಡಿ ಹೂವಿನಂತೆ ಸ್ಟಾರ್ಟ್ ಆಯಿತು. ಎಂಟನೆಯ ದಿನ ಅವರು ಅದನ್ನು ತಳ್ಳಿಕೊಂಡು ಬಂದರು. ತಡೆಯಿಲ್ಲದ ಪಿನ್ ಪಕ್ಕಕ್ಕೆ ಸರಿದು ಸಿಲಿಂಡರಿನ ಗೋಡೆಯನ್ನು ನೇಗಿಲಿನಂತೆ ಉತ್ತಿತ್ತು. ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿ ಕೊಟ್ಟೆ, ನನ್ನ ಖರ್ಚಿನಲ್ಲಿ. ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನಗೆ ಬೋರ್ ಮಾಡಿಸುವ ದಾರಿಯಾದರೂ ಇತ್ತು, ನಿನಗೆ ಅದೂ ಇಲ್ಲ. ರೋಟರ್ ತಿರುಗುವ ಕವಚದ, ಅಂದರೆ ನಿನ್ನ ಹೌಸಿಂಗಿನ, ಒಳಮೈ ದುಂಡಗಿಲ್ಲ, ಎರಡು ಬೀಜದ ಕಡಲೆಕಾಯಿಯಂತೆ ನಡು ಸಣ್ಣಗಿದೆ. ಅದರ ಮೇಲೆ ತೆಳ್ಳನೆಯ ಕ್ರೋಮ್ ಲೇಪ. ಅದು ಕಿತ್ತುಬಂದರೆ ಸಾಮಾನ್ಯವಾಗಿ ಹೌಸಿಂಗನ್ನೇ ಬದಲಿಸಬೇಕು. 1967ರಲ್ಲಿ ಮಜ್ದಾದ ರೋಟರಿ ಕಾರು ಕಾಸ್ಮೊ ಸ್ಪೋರ್ಟ್ ಹೊರಬರುವ ಮೊದಲು ಹಿರೋಷಿಮಾದಲ್ಲಿ ಇಂಜಿನಿಯರ್ ಕೆನಿಚಿ ಯಮಾಮೊಟೊ ಅವರ ತಂಡ ವರ್ಷಗಟ್ಟಲೆ ಒದ್ದಾಡಿದ್ದು ಈ ಮೈಯ ಮೇಲೇ. ರೋಟರಿನ ಮೂಲೆಯ ತುದಿಯಲ್ಲಿ ಕೂರುವ ಅಪೆಕ್ಸ್ ಸೀಲ್ ನಡುಗಿ ಬೀಳುತ್ತಿದ್ದ ಗೀರುಗಳಿಗೆ ಅವರು ಇಟ್ಟ ಹೆಸರು 'ದೆವ್ವದ ಉಗುರಿನ ಗುರುತು'. ಹೆಸರಿಡುವುದರಲ್ಲಿ ಜಪಾನಿನವರು ನಮ್ಮ ಮೆಕ್ಯಾನಿಕ್‌ಗಳಿಗೆ ಕಡಿಮೆಯಿಲ್ಲ.

ಸ್ಟಾರ್ಟ್ ಆದ ಮೇಲೆ ಗ್ಯಾಸಿನ ಒತ್ತಡವೇ ಸೀಲನ್ನು ತಳ್ಳುತ್ತದೆ ಎಂದು ನಿನ್ನ ಸ್ನೇಹಿತ ಹೇಳಿದನಂತೆ. ಅರ್ಧ ನಿಜ. ಒತ್ತಡ ಹುಟ್ಟುವವರೆಗೆ ತಳ್ಳುವವರು ಯಾರು? ಆ ಕೆಲಸಕ್ಕೇ ಸ್ಪ್ರಿಂಗ್ ಇರುವುದು. ರೋಟರಿನ ಒಂದು ಮೂಲೆಯ ಆಚೆಗೊಂದು, ಈಚೆಗೊಂದು ಗ್ಯಾಸಿನ ಕೋಣೆ. ಅಲ್ಲಿ ಸೀಲ್ ಸಡಿಲವಾದರೆ ಮೂರರಲ್ಲಿ ಎರಡು ಕೋಣೆಗಳ ಕಂಪ್ರೆಷನ್ ಸೋರುತ್ತದೆ. ಸ್ಟಾರ್ಟ್ ಆಗದಿದ್ದರೆ ನಿನ್ನ ಪುಣ್ಯ. ಆಗಿಬಿಟ್ಟರೆ ಆ ಮೇಷ್ಟ್ರ ಹಾಗೆ ಎಂಟು ದಿನ ಓಡಿಸುತ್ತೀಯೆ.

ಬೆಂಕಿ ಕಾಣದ ಇಂಜಿನನ್ನು ಬಿಚ್ಚಿದರೆ ಹೆಚ್ಚೇನೂ ನಷ್ಟವಿಲ್ಲ. ಸೀಲುಗಳು, ಸ್ಪ್ರಿಂಗುಗಳು ಸವೆದಿಲ್ಲ, ಒರೆಸಿ ಮತ್ತೆ ಹಾಕಬಹುದು. ನೀರಿನ ದಾರಿಯ ರಬ್ಬರ್ ರಿಂಗುಗಳನ್ನು ಮಾತ್ರ ಹೊಸದಾಗಿ ತರಿಸು. ಒಮ್ಮೆ ಅದುಮಿದ್ದನ್ನು ಮತ್ತೆ ಹಾಕುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಜೊತೆಗೆ ಗ್ಯಾಸ್ಕೆಟ್, ನಿನ್ನ ಎರಡು ಶನಿವಾರ, ಅಷ್ಟೇ ನಷ್ಟ.

ಬಿಚ್ಚುವಾಗ ಒಂದು ಆಸೆ ಹುಟ್ಟುತ್ತದೆ, ಈಗಲೇ ಹೇಳಿರುತ್ತೇನೆ. ಹಿಂದಿನ ಪ್ಲೇಟ್ ಎತ್ತಿದ ಕೂಡಲೇ ಹಿಂದಿನ ರೋಟರಿನ ಮೇಲ್ಮೈ ಕಾಣುತ್ತದೆ. ಅಲ್ಲೇ ಖಾಲಿ ಗುಂಡಿ ಸಿಕ್ಕರೆ ಸ್ಪ್ರಿಂಗ್ ಹಾಕಿ ಮುಚ್ಚಿಬಿಡೋಣ ಎನಿಸುತ್ತದೆ. ಬೇಡ. ಉದ್ದನೆಯ ಬೋಲ್ಟುಗಳನ್ನು ಸಡಿಲಿಸಿದ ಮೇಲೆ ಕೆಳಗಿನ ರಬ್ಬರ್ ರಿಂಗುಗಳೂ ಬಿಗಿ ಕಳೆದುಕೊಂಡಿರುತ್ತವೆ. ಪೂರ್ತಿ ಬಿಚ್ಚು. ಪ್ಲೇಟನ್ನು ನಿಧಾನವಾಗಿ ಎತ್ತು, ಎಣ್ಣೆಗೆ ಅಂಟಿಕೊಂಡು ರೋಟರಿನ ಮಗ್ಗುಲಿನ ಸೈಡ್ ಸೀಲುಗಳೂ ಮೇಲೆದ್ದು ಬರುತ್ತವೆ. ಯಾವ ಸೀಲ್ ಯಾವ ತೋಡಿನಿಂದ ಬಂದಿತೆಂದು ಬರೆದಿಡು, ನೀನು ಅವುಗಳನ್ನು ಉಜ್ಜಿ ಆಯಾ ತೋಡಿನ ಅಳತೆಗೆ ತಂದಿರುವುದು.

ಹಿಂದಿನ ರೋಟರಿನ ಕೆಳಮೈಯಲ್ಲೇ ಆ ಗುಂಡಿ ಖಾಲಿ ಇರುತ್ತದೆ ಎಂದು ನನ್ನ ಅಂದಾಜು. ವ್ಯಾಸಲೀನ್ ಹಚ್ಚಿ ಅಂಟಿಸಿದ ಸ್ಪ್ರಿಂಗ್, ರೋಟರನ್ನು ಮಗುಚಿ ಇಡುವಾಗ ಉದುರಿರುತ್ತದೆ. ಕೊನೆಯ ರೋಟರ್ ಹೊತ್ತಿಗೆ ನಿನಗೂ ಸಾಕಾಗಿತ್ತು ಎಂದು ಬರೆದಿದ್ದೀಯಲ್ಲ. ನನ್ನ ಮಾತು ತಪ್ಪಾದರೆ ಗ್ಯಾಸ್ಕೆಟ್ ಸೆಟ್ಟಿನ ದುಡ್ಡು ನನ್ನದು. ಸರಿಯಾದರೆ ಮುಂದಿನ ಸಲ ಊರಿಗೆ ಬಂದಾಗ ನನ್ನ ಸ್ಕೂಟರಿನ ಕಾರ್ಬುರೇಟರ್ ನೀನು ತೊಳೆಯಬೇಕು.

ಶನಿವಾರ ಬಿಚ್ಚಿದ ಕೂಡಲೇ ಫೋಟೋ ಕಳುಹಿಸು. ಇಲ್ಲಿ ನಡುರಾತ್ರಿಯಾದರೂ ಎದ್ದಿರುತ್ತೇನೆ.

ನಿನ್ನ ಅಪ್ಪ